ಹಳೇ ಎಫ್-150, 5.4 ಎಂಜಿನ್: ಸ್ಪಾರ್ಕ್ ಪ್ಲಗ್ ಮುರಿಯದ ಹಾಗೆ ತೆಗೆಯೋದು ಹೇಗೆ? ಖರ್ಚು ಎಷ್ಟಾಗಬಹುದು?

ತೋಟದಮನೆ (ಟೆಕ್ಸಾಸ್)

ಎಲ್ಲರಿಗೂ ನಮಸ್ಕಾರ. ನಾನಿರೋದು ಸ್ಯಾನ್ ಆಂಟೋನಿಯೊ ಊರಿಂದ ಸ್ವಲ್ಪ ಹೊರಗೆ. ಮನೆ ಹಿಂದೆ ಜಾಗ ಇದೆ, ಗಿಡ, ಗೊಬ್ಬರ, ಹುಲ್ಲಿನ ಪೆಂಡಿ ಅಂತ ಸಾಗಿಸೋದು ಇದ್ದೇ ಇರುತ್ತದೆ. ಅದಕ್ಕೆ ಅಂತ ಪಕ್ಕದ ರಸ್ತೆಯವರ ಹತ್ತಿರ 2006ರ ಫೋರ್ಡ್ ಎಫ್-150 ತಗೊಂಡೆ. 5.4 ಲೀಟರ್ ವಿ8, ಒಂದು ಸಿಲಿಂಡರ್‌ಗೆ 3 ವಾಲ್ವ್ ಇರೋ ಟ್ರೈಟನ್ ಎಂಜಿನ್. 1,04,000 ಮೈಲಿ ಓಡಿದೆ. ಬಾಡಿ ಚೆನ್ನಾಗಿದೆ, ತುಕ್ಕು ಇಲ್ಲ, ಗೇರ್ ಸರಿಯಾಗಿ ಬೀಳುತ್ತದೆ.

ಈಗ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ ಗಾಡಿ ಮಿಸ್ ಹೊಡೆಯೋಕೆ ಶುರು ಮಾಡಿದೆ. ಕುಲುಕುತ್ತದೆ, ಪಿಕಪ್ ಇಲ್ಲ, ಚೆಕ್ ಎಂಜಿನ್ ದೀಪ ಮಿಣುಕುತ್ತದೆ. ಖಾಲಿ ಗಾಡಿ ಸಮತಟ್ಟು ರಸ್ತೆಯಲ್ಲಿ ಓಡಿಸಿದರೆ ಏನೂ ಗೊತ್ತಾಗಲ್ಲ. ಸ್ಕ್ಯಾನರ್ ಹಾಕಿದರೆ ಪಿ0304 ಅಂತ ಬರುತ್ತದೆ, ಅಂದರೆ 4ನೇ ಸಿಲಿಂಡರ್.

ಹತ್ತಿರದ ಗ್ಯಾರೇಜ್‌ನಲ್ಲಿ ಕೇಳಿದೆ. ಎಂಟೂ ಪ್ಲಗ್ ಬದಲಾಯಿಸೋಕೆ 520 ಡಾಲರ್ ಅಂದರು. ಸರಿ ಅಂದುಕೊಳ್ಳೋಷ್ಟರಲ್ಲಿ, ತೆಗೆಯುವಾಗ ಪ್ಲಗ್ ಮುರಿದರೆ ಒಂದೊಂದಕ್ಕೂ 90 ಡಾಲರ್ ಬೇರೆ, ಒಳಗೇ ಸಿಕ್ಕಿಹಾಕಿಕೊಂಡರೆ ಹೆಡ್ (ಪ್ಲಗ್ ಕೂರೋ ಎಂಜಿನ್ನಿನ ಮೇಲ್ಭಾಗ) ಬಿಚ್ಚಬೇಕು, ಆಗ 3,000 ದಾಟುತ್ತದೆ, ಅದಕ್ಕೆ ಒಪ್ಪಿ ಸಹಿ ಹಾಕಿ ಅಂದರು! ಪ್ಲಗ್ ಬದಲಾಯಿಸೋಕೆ ಇಷ್ಟು ಭಯ ಯಾಕೆ ಅಂತ ಹುಡುಕಿದಾಗ ಗೊತ್ತಾಯಿತು, ಈ ಎಂಜಿನ್ನಿನ ಪ್ಲಗ್ ಮುರಿಯೋದಕ್ಕೇ ಹೆಸರಾಗಿದೆಯಂತೆ.

ಹಿಂದಿನ ಓನರ್ ಪ್ಲಗ್ ಬದಲಾಯಿಸಿದ್ದಾರಾ ಇಲ್ವಾ ಅವರಿಗೇ ನೆನಪಿಲ್ಲ. ಕಾಗದ ಪತ್ರ ಏನೂ ಇಲ್ಲ. ನನಗೆ ಸಾಮಾನ್ಯ ಕೆಲಸ ಎಲ್ಲ ಬರುತ್ತದೆ. ಬ್ರೇಕ್ ಪ್ಯಾಡ್, ಆಯಿಲ್, ಬ್ಯಾಟರಿ ನಾನೇ ಮಾಡಿಕೊಳ್ಳೋದು. ಇದನ್ನು ಮನೆಯಲ್ಲೇ ಮಾಡಬಹುದಾ? ಮುರಿಯದ ಹಾಗೆ ತೆಗೆಯೋ ಕ್ರಮ ಏನು? ಮುರಿದೇ ಹೋದರೆ ಮುಂದೇನು? ದಯವಿಟ್ಟು ಗೊತ್ತಿರೋರು ವಿವರವಾಗಿ ಬರೆಯಿರಿ.

ಸ್ಪ್ಯಾನರ್ ಸೆಟ್ (ಮಿಷಿಗನ್)

ನಾನು ಇಲ್ಲಿ ಗ್ಯಾರೇಜ್‌ನಲ್ಲೇ ಕೆಲಸ ಮಾಡೋದು. ಈ ಎಂಜಿನ್ ಆಗಾಗ ಬರುತ್ತಾ ಇರುತ್ತದೆ. ಮನೆಯಲ್ಲಿ ಮಾಡಬಹುದು, ಆದರೆ ಆತುರ ಇರಬಾರದು. ಬೆಳಗ್ಗೆ ಶುರು ಮಾಡಿ ಮಧ್ಯಾಹ್ನ ಟ್ರೇಲರ್ ಕಟ್ಟಬೇಕು ಅಂತಿದ್ದರೆ ಕೈ ಹಾಕಬೇಡಿ.

ಮೊದಲು ಪ್ಲಗ್ಗನ್ನು ಮುಟ್ಟಲೇಬೇಡಿ. 4ನೇ ಸಿಲಿಂಡರ್ ಮಿಸ್ ಆಗುತ್ತಿದೆ ಅಂದರೆ ಪ್ಲಗ್ ಆಗಿರಬಹುದು, ಅದರ ಮೇಲೆ ಕೂತು ಕಿಡಿಗೆ ವೋಲ್ಟೇಜ್ ಕೊಡೋ ಕಾಯಿಲ್ ಆಗಿರಬಹುದು, ಕಾಯಿಲ್‌ನ ರಬ್ಬರ್ ಬೂಟ್ ಸೀಳಿರಬಹುದು, ಪೆಟ್ರೋಲ್ ಬಿಡೋ ಇಂಜೆಕ್ಟರ್ ಕೂಡ ಆಗಿರಬಹುದು. ಈ ಎಂಜಿನ್‌ಗೆ ಪ್ಲಗ್ ವೈರ್ ಇಲ್ಲ, ಎಂಟು ಪ್ಲಗ್‌ಗೂ ಎಂಟು ಕಾಯಿಲ್. ಫೋರ್ಡ್ ಲೆಕ್ಕದಲ್ಲಿ ಪ್ಯಾಸೆಂಜರ್ ಕಡೆ ಮುಂದಿನಿಂದ ಹಿಂದಕ್ಕೆ 1, 2, 3, 4. ಡ್ರೈವರ್ ಕಡೆ 5, 6, 7, 8. ನಿಮ್ಮ 4ನೇದು ಪ್ಯಾಸೆಂಜರ್ ಕಡೆ ಕಟ್ಟಕಡೆಯದು, ಕೈ ಹೋಗೋದೇ ಕಷ್ಟ ಇರೋ ಜಾಗ. 7 ಮಿಮೀ ಸಾಕೆಟ್ ಹಾಕಿ ಕಾಯಿಲ್ ಬೋಲ್ಟ್ ತೆಗೆಯಿರಿ. 4ನೇದನ್ನು 2ಕ್ಕೆ, 2ನೇದನ್ನು 4ಕ್ಕೆ ಹಾಕಿ. ಕೋಡ್ ಅಳಿಸಿ, ಅದೇ ಏರಿನಲ್ಲಿ ಒಂದು ಸಲ ಓಡಿಸಿ. ಕೋಡ್ ಪಿ0302 ಆದರೆ ಕಾಯಿಲ್ ಹೋಗಿದೆ. 4ರಲ್ಲೇ ಉಳಿದರೆ ಪ್ಲಗ್ ಅಥವಾ ಇಂಜೆಕ್ಟರ್. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ದೀಪ ಮಿಣುಕುವಾಗ ಮಾತ್ರ ಎಳೆದುಕೊಂಡು ಓಡಿಸಬೇಡಿ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಲೈನಿನಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಹೋದರೆ ಪ್ಲಗ್ ಖರ್ಚು ಏನೇನೂ ಅಲ್ಲ.

ಇನ್ನು ಈ ಪ್ಲಗ್ ಯಾಕೆ ಮುರಿಯುತ್ತದೆ ಅಂತ. ಸಾಮಾನ್ಯ ಪ್ಲಗ್‌ನಲ್ಲಿ ಥ್ರೆಡ್ ಮುಗಿದ ತಕ್ಷಣ ತುದಿ ಬರುತ್ತದೆ. ಇದರಲ್ಲಿ ಹಾಗಲ್ಲ. ಥ್ರೆಡ್ ಮುಗಿದ ಮೇಲೆ ಸುಮಾರು ಒಂದು ಇಂಚು ಉದ್ದದ ತೆಳ್ಳನೆಯ ಕೊಳವೆ ಇದೆ, ಅದು ಹೆಡ್ಡಿನ ಒಳಗಿನ ತೂತಿನಲ್ಲಿ ಇಳಿದು ಕೂತಿರುತ್ತದೆ. ಅದರ ತುದಿಯಲ್ಲಿ ಕಿಡಿ ಹಾರೋದು. ಆ ಕೊಳವೆ ಮತ್ತು ಮೇಲಿನ ಭಾಗ ಒಂದೇ ಲೋಹದ ತುಂಡಲ್ಲ, ಎರಡನ್ನು ಒತ್ತಿ ಕೂಡಿಸಿದ್ದಾರೆ. ಕೊಳವೆಗೂ ಹೆಡ್‌ಗೂ ನಡುವೆ ಇರೋ ಸಣ್ಣ ಸಂದಿಯಲ್ಲಿ ವರ್ಷಗಟ್ಟಲೆ ಕಾರ್ಬನ್ ಕೂತು ಕಲ್ಲಾಗುತ್ತದೆ. ನೀವು ಮೇಲಿನಿಂದ ತಿರುಗಿಸಿದರೆ ಥ್ರೆಡ್ ಭಾಗ ತಿರುಗುತ್ತದೆ, ಕೊಳವೆ ಅಲ್ಲೇ ಹಿಡಿದುಕೊಂಡಿರುತ್ತದೆ. ಕೂಡಿಸಿದ ಜಾಗದಲ್ಲಿ ಬಿಟ್ಟುಕೊಳ್ಳುತ್ತದೆ. ಥ್ರೆಡ್ ಭಾಗ ಕೈಗೆ ಬರುತ್ತದೆ, ಕೊಳವೆ, ಕೆಲವು ಸಲ ಪಿಂಗಾಣಿ ಸಮೇತ, ಹೆಡ್ಡಿನಲ್ಲೇ ಉಳಿಯುತ್ತದೆ.

ಇದು ಗುಟ್ಟಿನ ವಿಷಯ ಏನಲ್ಲ. ಫೋರ್ಡ್‌ನವರೇ 2008ರಲ್ಲಿ ಗ್ಯಾರೇಜ್‌ಗಳಿಗೆ ಟಿಎಸ್‌ಬಿ (ಟೆಕ್ನಿಕಲ್ ಸರ್ವಿಸ್ ಬುಲೆಟಿನ್) 08-7-6 ಅಂತ ಸೂಚನೆ ಕೊಟ್ಟು, ಹೇಗೆ ತೆಗೆಯಬೇಕು, ಮುರಿದರೆ ಏನು ಮಾಡಬೇಕು ಅಂತ ಬರೆದಿದ್ದಾರೆ. 2007ರ ಅಕ್ಟೋಬರ್ 9ಕ್ಕಿಂತ ಮುಂಚೆ ತಯಾರಾದ 3-ವಾಲ್ವ್ ಎಂಜಿನ್‌ಗಳಿಗೆ ಅದು. ಆಮೇಲೆ ಹೆಡ್ಡು, ಪ್ಲಗ್ಗು ಎರಡೂ ಬದಲಾದವು. ಇಲ್ಲಿ ಲೆಕ್ಕಕ್ಕೆ ಬರೋದು ಎಂಜಿನ್ ತಯಾರಾದ ತಾರೀಖು, ಗಾಡಿಯ ಮಾಡೆಲ್ ವರ್ಷ ಅಲ್ಲ. 2008ರ ಗಾಡಿ ಇರೋರು ಪ್ಲಗ್ ಕೊಳ್ಳೋ ಮುಂಚೆ ನೋಡಿಕೊಳ್ಳಬೇಕು, ಒಂದರದ್ದು ಇನ್ನೊಂದಕ್ಕೆ ಆಗಲ್ಲ. ನಿಮ್ಮದು 2006, ಹಳೇ ಥರದ್ದೇ.

ಕಾಯಿಲ್ ಅದಲು ಬದಲು ಮಾಡಿ ಏನಾಯಿತು ಹೇಳಿ, ಆಮೇಲೆ ತೆಗೆಯೋ ಕ್ರಮ ಬರೆಯುತ್ತೇನೆ.

ಕುಡ್ಲದಿಂದ ಕೊಲಂಬಸ್

ಮಾರಾಯ್ರೇ, ನನ್ನ ಹತ್ತಿರ 2005ರ ಫೋರ್ಡ್ ಎಕ್ಸ್‌ಪೆಡಿಷನ್ ಇದೆ, ಇದೇ ಎಂಜಿನ್. ನಾನೇ ತೆಗೆದು ಹಾಕಿದ್ದೇನೆ. ನನ್ನ ಪ್ರಕಾರ ಎಂಜಿನ್ ಸ್ವಲ್ಪ ಬಿಸಿ ಇರುವಾಗಲೇ ತೆಗೆಯಬೇಕು. ಹೆಡ್ ಅಲ್ಯೂಮಿನಿಯಂ, ಪ್ಲಗ್ ಕಬ್ಬಿಣ. ಬಿಸಿಯಾದರೆ ಅಲ್ಯೂಮಿನಿಯಂ ಜಾಸ್ತಿ ಹಿಗ್ಗುತ್ತದೆ, ತೂತು ದೊಡ್ಡದಾಗುತ್ತದೆ, ಹಿಡಿತ ಸಡಿಲ ಆಗುತ್ತದೆ. ಇಲ್ಲಿ ಎಷ್ಟೋ ಜನ ಹಾಗೇ ಮಾಡೋದು.

ಇನ್ನೊಂದು ವಿಷಯ. ಕಾಯಿಲ್ ತೆಗೆದ ಮೇಲೆ ಪ್ಲಗ್ ಕೂತಿರುವ ಗುಂಡಿಯ ಒಳಗೆ ಟಾರ್ಚ್ ಬಿಟ್ಟು ನೋಡಿ. ನಾನಿರುವ ಓಹಾಯೊದಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಹಾಕುತ್ತಾರೆ. ನೀರು ಇಳಿದು ನನ್ನ ಎರಡು ಗುಂಡಿಗಳಲ್ಲಿ ತುಕ್ಕಿನ ಪುಡಿ, ಮರಳು ಎಲ್ಲ ಇತ್ತು. ಅದನ್ನು ಹಾಗೇ ಬಿಟ್ಟು ಪ್ಲಗ್ ಲೂಸ್ ಮಾಡಿದರೆ ಎಲ್ಲ ಸಿಲಿಂಡರ್ ಒಳಗೆ ಬೀಳುತ್ತದೆ ಅಲ್ವಾ? ಕಂಪ್ರೆಸರ್ ಗಾಳಿಯಲ್ಲಿ ಊದಿ ಪೂರ್ತಿ ಸ್ವಚ್ಛ ಮಾಡಿದ ಮೇಲೆಯೇ ಸಾಕೆಟ್ ಇಳಿಸಿ. ಕನ್ನಡಕ ಹಾಕಿಕೊಳ್ಳಿ, ಪುಡಿ ಎಲ್ಲ ನೇರ ಮುಖಕ್ಕೇ ಬರೋದು.

ಸ್ಪ್ಯಾನರ್ ಸೆಟ್ (ಮಿಷಿಗನ್)

ಗುಂಡಿ ಊದೋ ವಿಷಯ ನೂರಕ್ಕೆ ನೂರು ಸರಿ. ಬಿಸಿಯಲ್ಲಿ ತೆಗೆಯೋದನ್ನು ಮಾತ್ರ ನಾನು ಒಪ್ಪಲ್ಲ ಸರ್. ಅಲ್ಯೂಮಿನಿಯಂ ಹಿಗ್ಗುತ್ತದೆ ಅನ್ನೋದು ನಿಜ. ಆದರೆ ಇಲ್ಲಿ ಪ್ಲಗ್ಗನ್ನು ಹಿಡಿದಿರೋದು ಥ್ರೆಡ್ ಅಲ್ಲ, ಕೆಳಗಿನ ಕಾರ್ಬನ್. ಬಿಸಿಗೆ ಕಾರ್ಬನ್ ಕರಗಲ್ಲ. ಬಿಸಿ ಹೆಡ್ಡಿನಲ್ಲಿ ಥ್ರೆಡ್ ಉಜ್ಜಿಕೊಂಡು ಕಿತ್ತು ಬರೋ ಅಪಾಯ ಇದೆ, ಬುಲೆಟಿನ್‌ನಲ್ಲೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಅಂತ ಇದೆ. ಎಲ್ಲಕ್ಕಿಂತ ಮುಖ್ಯ, ನಾವು ಗುಂಡಿಗೆ ಹಾಕೋದು ಕಾರ್ಬ್ಯುರೇಟರ್ ಕ್ಲೀನರ್. ಅದು ಬೆಂಕಿ ಹಿಡಿಯೋ ವಸ್ತು. ಬಿಸಿ ಹೆಡ್ಡಿಗೆ ಬಿದ್ದರೆ ಕಾರ್ಬನ್‌ಗೆ ಇಳಿಯೋ ಮುಂಚೆಯೇ ಆವಿಯಾಗಿ ಹೋಗುತ್ತದೆ, ಪಕ್ಕದಲ್ಲೇ ಎಗ್ಸಾಸ್ಟ್ ಬಿಸಿ ಇರುತ್ತದೆ. ಮನೆ ಶೆಡ್ಡಿನಲ್ಲಿ ಯಾರಿಗೂ ನಾನು ಹಾಗೆ ಮಾಡಿ ಅಂತ ಹೇಳಲಾರೆ.

ಹುಬ್ಬಳ್ಳಿ ಮಿನಿಟ್ರಕ್

ನಮಸ್ಕಾರ ಸರ್. ನಮ್ಮ ಕಡೆ ದೊಡ್ಡ ಲಾರಿ ಹೆಚ್ಚುಕಮ್ಮಿ ಎಲ್ಲ ಡೀಸೆಲ್, ಅದಕ್ಕೆ ಸ್ಪಾರ್ಕ್ ಪ್ಲಗ್ ಪ್ರಶ್ನೆಯೇ ಇಲ್ಲ. ಕೆಲವಕ್ಕೆ ಹೀಟರ್ ಪ್ಲಗ್ ಇರುತ್ತದೆ, ಅದು ಬೇರೆ ಕೆಲಸದ್ದು. ಆದರೆ ಸಿಎನ್‌ಜಿ ಮಿನಿ ಟ್ರಕ್ ಬಂದ ಮೇಲೆ ನಮಗೂ ಪ್ಲಗ್ ಚಿಂತೆ ಶುರುವಾಗಿದೆ. ನನ್ನ ಹತ್ತಿರ ಎಪಿಎಂಸಿ ಬಾಡಿಗೆಗೆ ಓಡೋ ಹಳೇ ಸಿಎನ್‌ಜಿ ಗಾಡಿ ಇದೆ. ಲೋಡ್ ಇದ್ದಾಗ ಮಾತ್ರ ಮಿಸ್ಸಿಂಗ್, ಖಾಲಿ ಇದ್ದಾಗ ಸರಿ, ತೋಟದಮನೆಯವರು ಹೇಳಿದ ಹಾಗೇ. ಪ್ಲಗ್ ತೆಗೆದು ನೋಡಿದರೆ ತುದಿ ಚೆನ್ನಾಗಿಯೇ ಇದೆ, ಬಿಳಿ ಪಿಂಗಾಣಿ ಮೇಲೆ ಉದ್ದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಎಳೆದ ಹಾಗೆ ಕಪ್ಪು ಗೆರೆ ಇದೆ. ಉಜ್ಜಿ ಒರೆಸಿ ಹಾಕಿದೆ, ಮತ್ತೆ ಅದೇ ಕಥೆ. ಇದಕ್ಕೇನು ಮಾಡೋದು? ಎರಡು ಪ್ರಶ್ನೆ ಒಂದೇ ಕಡೆ ಆಯಿತು, ಬೇಜಾರು ಮಾಡ್ಕೋಬೇಡಿ.

ಸ್ಪ್ಯಾನರ್ ಸೆಟ್ (ಮಿಷಿಗನ್)

ಬೇಜಾರೇನೂ ಇಲ್ಲ ಅಣ್ಣ, ಎರಡಕ್ಕೂ ಸಂಬಂಧ ಇದೆ. ಆ ಕಪ್ಪು ಗೆರೆ ಅಂದರೆ ಕರೆಂಟ್ ಪ್ಲಗ್ ತುದಿಗೆ ಹೋಗದೆ ಪಿಂಗಾಣಿ ಹೊರಮೈ ಮೇಲೆ ಜಾರಿ ಬಾಡಿಗೆ ಇಳಿದಿದೆ ಅಂತ. ಲೋಡ್ ಬಿದ್ದಾಗ ಸಿಲಿಂಡರ್‌ನಲ್ಲಿ ಒತ್ತಡ ಜಾಸ್ತಿ, ಆಗ ತುದಿಯಲ್ಲಿ ಕಿಡಿ ಹಾರೋಕೆ ವೋಲ್ಟೇಜ್ ಜಾಸ್ತಿ ಬೇಕು. ಹೊರಗಿನ ದಾರಿ ಸುಲಭ ಅನ್ನಿಸಿದರೆ ಅದು ಅಲ್ಲೇ ಹೋಗುತ್ತದೆ. ಸಿಎನ್‌ಜಿಯಲ್ಲಿ ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಹಾಗಾಗಿ ಪ್ಲಗ್ ಬೇಗ ಸವೆಯುತ್ತದೆ, ಬೂಟ್ ಸ್ವಲ್ಪ ಗಟ್ಟಿಯಾಗಿ ಸೀಳಿದ್ದರೂ ಹೀಗೆ ಸೋರುತ್ತದೆ. ಆ ಗೆರೆ ಒರೆಸಿದರೆ ಹೋಗಲ್ಲ, ಬೂಟಿನ ಒಳಗೂ ಅದರದ್ದೇ ಗೆರೆ ಇರುತ್ತದೆ. ಹೊಸ ಪ್ಲಗ್ ಹಾಕಿ ಹಳೇ ಬೂಟ್ ಬಿಟ್ಟರೆ ಹೊಸದರ ಮೇಲೂ ಅದೇ ಗೆರೆ ಬರುತ್ತದೆ. ಎರಡೂ ಒಟ್ಟಿಗೆ ಬದಲಾಯಿಸಿ. ಪ್ಲಗ್ ನಂಬರ್ ನಿಮ್ಮ ಗಾಡಿಯ ಬುಕ್‌ನಲ್ಲಿರೋದೇ ಇರಲಿ, ಸಿಎನ್‌ಜಿಗೆ ಗ್ಯಾಪ್ (ತುದಿಯಲ್ಲಿ ಕಿಡಿ ಹಾರೋ ಸಂದಿ) ಸಾಮಾನ್ಯವಾಗಿ ಕಡಿಮೆ ಇಡುತ್ತಾರೆ. ಪೆಟ್ರೋಲ್ ಗಾಡಿಯದ್ದು ಅಂಗಡಿಯಲ್ಲಿ ಇತ್ತು ಅಂತ ಹಾಕಿಸಿಕೊಳ್ಳಬೇಡಿ. ವಾಟರ್ ಸರ್ವಿಸ್ ಮಾಡಿಸುವಾಗ ಎಂಜಿನ್ ಮೇಲೆ ಜೋರಾಗಿ ನೀರು ಹೊಡೆಯೋಕೂ ಬಿಡಬೇಡಿ.

ತೋಟದಮನೆ (ಟೆಕ್ಸಾಸ್)

ಕಾಯಿಲ್ ಅದಲು ಬದಲು ಮಾಡಿದೆ. ಕೋಡ್ ಪಿ0302 ಆಯಿತು! ಅಂದರೆ ಕಾಯಿಲ್ ಹೋಗಿದೆ ಅಂತ ಅಲ್ವಾ. ಹೊಸ ಕಾಯಿಲ್ ತಂದು ಹಾಕಿದೆ, ಈಗ ಏರಿನಲ್ಲಿ ಆರಾಮಾಗಿ ಎಳೆಯುತ್ತಿದೆ. ತುಂಬಾ ಥ್ಯಾಂಕ್ಸ್, 520 ಡಾಲರ್ ಕೊಟ್ಟು ಪ್ಲಗ್ ಹಾಕಿಸಿದ್ದರೂ ಹಾಳಾದ ಕಾಯಿಲ್ ಅಲ್ಲೇ ಇರುತ್ತಿತ್ತು.

ಈಗ ನನ್ನ ಹೆಂಡತಿ ಕೇಳೋದು, ಗಾಡಿ ಸರಿಯಾಯಿತಲ್ಲ, ಮುರಿಯೋ ಪ್ಲಗ್ ಸುಮ್ನೆ ಯಾಕೆ ಮುಟ್ಟಬೇಕು ಅಂತ. ಅವಳ ಮಾತಿನಲ್ಲಿ ನ್ಯಾಯ ಇದೆ. ಹಾಗೇ ಬಿಟ್ಟರೆ ಆಗುತ್ತಾ?

ಮೈಸೂರು ರಾಯರು (ಕ್ಯಾಲಿಫೋರ್ನಿಯಾ)

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ, ಈ ಪ್ರಶ್ನೆಗೆ ಮಾತ್ರ ಹೇಳಲೇಬೇಕು. ಬಿಡಬೇಡಿ. ಬಿಟ್ಟಷ್ಟೂ ಕಾರ್ಬನ್ ಜಾಸ್ತಿ, ಮುರಿಯೋ ಸಾಧ್ಯತೆ ಜಾಸ್ತಿ. ಇವತ್ತು ನಿಮ್ಮ ಸಮಯಕ್ಕೆ, ನಿಮ್ಮ ಶೆಡ್ಡಿನಲ್ಲಿ, ನಿಧಾನವಾಗಿ ತೆಗೆಯಬಹುದಾದದ್ದನ್ನು ನಾಳೆ ಎಲ್ಲೋ ಹೆದ್ದಾರಿ ಪಕ್ಕದ ಗೊತ್ತಿಲ್ಲದ ಗ್ಯಾರೇಜ್‌ನಲ್ಲಿ ಅವರು ಹೇಳಿದ ರೇಟಿಗೆ ಮಾಡಿಸಬೇಕಾಗುತ್ತದೆ.

ಕಂಪನಿ ಲೆಕ್ಕದಲ್ಲಿ ಇದರ ಪ್ಲಗ್ 1,00,000 ಮೈಲಿಗೆ ಬದಲಾಯಿಸೋದು. ಪ್ಲಾಟಿನಂ ತುದಿ ಅಷ್ಟು ಬಾಳಬಹುದು, ಒಪ್ಪೋಣ. ಆದರೆ ತುದಿ ಸವೆಯೋದು ಒಂದು ಲೆಕ್ಕ, ಕೊಳವೆ ಸುತ್ತ ಕಾರ್ಬನ್ ಕೂರೋದು ಇನ್ನೊಂದು ಲೆಕ್ಕ. ಎರಡನೇದಕ್ಕೆ 1,00,000 ತುಂಬಾ ಜಾಸ್ತಿ ಅಂತ ನನ್ನ ಅಭಿಪ್ರಾಯ. 50,000 ಇಲ್ಲ 60,000ಕ್ಕೆ ಒಂದು ಸಲ ತೆಗೆದು ಹಾಕಿದರೆ ಮುರಿಯೋ ಭಯವೇ ಕಡಿಮೆಯಾಗುತ್ತದೆ. ನೀವು ಜಮೀನಿನ ಒಳಗೆ ಅರ್ಧ ಮೈಲಿ, ಒಂದು ಮೈಲಿ ಅಂತ ಓಡಿಸೋರು. ಎಂಜಿನ್ ಪೂರ್ತಿ ಬಿಸಿಯಾಗೋ ಮುಂಚೆ ನಿಲ್ಲಿಸಿದರೆ ಕಾರ್ಬನ್ ಇನ್ನೂ ಬೇಗ ಕೂರುತ್ತದೆ.

ಇನ್ನೊಂದು ಮಾತು, 5.4 ಇರೋರೆಲ್ಲ ಇದನ್ನೇ ಓದಿ ಗೊಂದಲ ಮಾಡ್ಕೋಬೇಡಿ. ನನ್ನದು 2001ರ ಎಫ್-150, ಅದೂ 5.4, ಆದರೆ 2-ವಾಲ್ವ್. ಅದರ ಕಥೆ ಪೂರ್ತಿ ಉಲ್ಟಾ. ಅಲ್ಲಿ ಪ್ಲಗ್ ಸಿಕ್ಕಿಹಾಕಿಕೊಳ್ಳಲ್ಲ, ಹೆಡ್ಡಿನಲ್ಲಿ ಥ್ರೆಡ್ ಇರೋದೇ ಮೂರು ನಾಲ್ಕು ಸುತ್ತು, ಅದಕ್ಕೇ ಕೆಲವು ಗಾಡಿಗಳಲ್ಲಿ ಪ್ಲಗ್ ಥ್ರೆಡ್ ಕಿತ್ತುಕೊಂಡು ಕಾಯಿಲ್ ಸಮೇತ ಮೇಲಕ್ಕೆ ಹಾರುತ್ತದೆ. ಹಾರಿದರೆ ಹೊಸ ಹೆಡ್ ಬೇಕಿಲ್ಲ, ಟೈಮ್-ಸರ್ಟ್ ಥರದ ಗಟ್ಟಿ ಥ್ರೆಡ್ ಇನ್ಸರ್ಟ್ ಕೂರಿಸಬಹುದು. ನನ್ನದಕ್ಕೆ ಇಲ್ಲಿವರೆಗೆ ಆಗಿಲ್ಲ. ಪ್ರತಿ ಸಲ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯೋ ಸ್ಪ್ಯಾನರ್) ಹಿಡಿದೇ ಟೈಟ್ ಮಾಡೋದು, ಕೈ ಅಂದಾಜು ಇಲ್ಲವೇ ಇಲ್ಲ. 2004ರಲ್ಲಿ ಹೊಸ ಬಾಡಿಯ ಜೊತೆಗೆ ಹೆರಿಟೇಜ್ ಅಂತ ಹಳೇ ಬಾಡಿಯ ಗಾಡಿಯನ್ನೂ ಮಾರಿದರು, ಅದರಲ್ಲಿರೋದು 2-ವಾಲ್ವ್. ವರ್ಷ ನೋಡಿ 3-ವಾಲ್ವ್ ಅಂದುಕೊಂಡು ಪಾರ್ಟ್ಸ್ ತರಬೇಡಿ.

ಸ್ಪ್ಯಾನರ್ ಸೆಟ್ (ಮಿಷಿಗನ್)

ರಾಯರು ಹೇಳಿದ್ದು ಸರಿ. ಜೊತೆಗೆ, ನಿಮ್ಮ ಕಾಯಿಲ್ ಯಾಕೆ ಹೋಯಿತು ಅಂತಲೂ ಯೋಚನೆ ಮಾಡಿ. ಪ್ಲಗ್ ಹಳೇದಾಗಿ ಗ್ಯಾಪ್ ದೊಡ್ಡದಾದಷ್ಟೂ ಕಾಯಿಲ್ ಹೆಚ್ಚು ವೋಲ್ಟೇಜ್ ಕೊಡಬೇಕು. ಹಾಗೆ ದುಡಿದು ದುಡಿದು ಕಾಯಿಲ್ ಸಾಯುತ್ತದೆ. ಅದೇ ಹಳೇ ಪ್ಲಗ್ ಮೇಲೆ ಹೊಸ ಕಾಯಿಲ್ ಕೂರಿಸಿದ್ದೀರಿ, ಉಳಿದ ಏಳರ ಕಥೆಯೂ ಅದೇ. ಒಂದೊಂದೇ ಕಾಯಿಲ್ ಬದಲಾಯಿಸುತ್ತಾ ಹೋದರೆ ಪ್ಲಗ್‌ಗಿಂತ ಜಾಸ್ತಿ ದುಡ್ಡು ಅದಕ್ಕೇ ಹೋಗುತ್ತದೆ.

ಆದರೆ ಪ್ಲಗ್‌ಗೆ ದುಡ್ಡು ಹಾಕೋ ಮುಂಚೆ ಒಂದು ಪರೀಕ್ಷೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗೇರ್‌ನಲ್ಲಿಟ್ಟು ಬ್ರೇಕ್ ಹಿಡಿದು ನಿಲ್ಲಿಸಿ, ಮುಂದಿನ ಕಡೆಯಿಂದ ಡೀಸೆಲ್ ಎಂಜಿನ್ ಥರ ಟಕ ಟಕ ಶಬ್ದ ಬರುತ್ತಾ ಕೇಳಿ. ಬಂದರೆ ಕ್ಯಾಮ್ ಫೇಸರ್ (ವಾಲ್ವ್ ತೆರೆಯೋ ಸಮಯ ಹೊಂದಿಸೋ ಭಾಗ) ಸವೆದಿರಬಹುದು, ಆಯಿಲ್ ಪ್ರೆಷರ್ ಕಡಿಮೆ ಇರಬಹುದು. ಈ ಎಂಜಿನ್ನಿನ ಇನ್ನೊಂದು ದೊಡ್ಡ ಖರ್ಚು ಅದು. ಆಗ ಮೊದಲು ಅದರ ಲೆಕ್ಕ ಹಾಕಿ, ಈ ಗಾಡಿಗೆ ಇನ್ನೂ ದುಡ್ಡು ಸುರಿಯಬೇಕಾ ಅಂತ ತೀರ್ಮಾನ ಮಾಡಿ. ಶಬ್ದ ಇಲ್ಲ ಅಂದರೆ ಧೈರ್ಯವಾಗಿ ಮುಂದುವರಿಯಿರಿ.

ಈಗ ಕ್ರಮ. ಹಿಂದಿನ ರಾತ್ರಿ ಗಾಡಿ ನಿಲ್ಲಿಸಿ, ಬೆಳಗ್ಗೆ ಪೂರ್ತಿ ತಣ್ಣಗಿರುವಾಗ ಶುರು ಮಾಡಿ. ಕಾಯಿಲ್ ತೆಗೆದು ಗುಂಡಿ ಊದಿ. ಸಾಕೆಟ್ 9/16 ಇಂಚು, ಉದ್ದದ ಎಕ್ಸ್‌ಟೆನ್ಷನ್, ಕೈಯಲ್ಲಿ ತಿರುಗಿಸೋ ರಾಚೆಟ್. ಇಂಪ್ಯಾಕ್ಟ್ ಗನ್ ಹತ್ತಿರವೂ ತರಬೇಡಿ. ಪ್ಲಗ್ಗನ್ನು ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು ಮಾತ್ರ ಲೂಸ್ ಮಾಡಿ ನಿಲ್ಲಿಸಿ. ಅದು ಸುಲಭವಾಗಿ ತಿರುಗಿತು ಅಂತ ಖುಷಿಯಲ್ಲಿ ಮುಂದುವರಿದರೆ ಅಲ್ಲೇ ಮುರಿಯೋದು. ಇಷ್ಟು ಲೂಸ್ ಮಾಡೋದು ಕ್ಲೀನರ್ ಕೆಳಗೆ ಇಳಿಯೋಕೆ ದಾರಿಯಾಗಲಿ ಅಂತ ಅಷ್ಟೇ. ಈಗ ಪ್ರತಿ ಗುಂಡಿಗೆ ಅರ್ಧದಿಂದ ಮುಕ್ಕಾಲು ಟೀ ಚಮಚ ಕಾರ್ಬ್ಯುರೇಟರ್ ಕ್ಲೀನರ್ ಹಾಕಿ. ಜಾಸ್ತಿ ಹಾಕಿದರೆ ಒಳ್ಳೇದು ಅಂತ ಡಬ್ಬ ಖಾಲಿ ಮಾಡಬೇಡಿ. ಅದು ಸಿಲಿಂಡರ್ ಒಳಗೆ ಸೇರಿ ತುಂಬಿಕೊಂಡರೆ, ಸ್ಟಾರ್ಟ್ ಮಾಡುವಾಗ ಪಿಸ್ಟನ್ ಮೇಲೆ ಬರೋಕೆ ಜಾಗ ಇಲ್ಲದೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ದ್ರವ ಗಾಳಿಯ ಹಾಗೆ ಕುಗ್ಗಲ್ಲ.

ಕನಿಷ್ಠ 15 ನಿಮಿಷ ಬಿಡಬೇಕು. ನಾನು ಅದಕ್ಕಿಂತ ತುಂಬಾ ಜಾಸ್ತಿ ಬಿಡುತ್ತೇನೆ, ನಿಮಗೆ ಆತುರ ಇಲ್ಲದಿದ್ದರೆ ಮಧ್ಯಾಹ್ನದವರೆಗೆ ಬಿಡಿ. ಆ ಸಮಯದಲ್ಲಿ ಪ್ಲಗ್ಗನ್ನು ಅಲ್ಲಾಡಿಸಬಾರದು. ಆಮೇಲೆ ಮೊದಲು ಟೈಟ್ ಮಾಡಿ, ಮತ್ತೆ ಲೂಸ್ ಮಾಡಿ, ಮತ್ತೆ ಸ್ವಲ್ಪ ಟೈಟ್. ಹಿಂದೆ ಮುಂದೆ, ಹಿಂದೆ ಮುಂದೆ. ಕಿರ್ ಅಂತ ಕಿರುಚುತ್ತದೆ, ಮೈ ಜುಮ್ ಅನ್ನೋ ಥರ. ಹೆದರಬೇಡಿ, ಕೊಳವೆ ಕಾರ್ಬನ್ ಜೊತೆ ಉಜ್ಜಿಕೊಂಡು ತಿರುಗುತ್ತಿದೆ ಅಂತ ಅರ್ಥ, ಅದು ಒಳ್ಳೇ ಲಕ್ಷಣ. ಬಿಡಿಸೋಕೆ 33 ಫುಟ್-ಪೌಂಡ್ ಸುಮಾರು ಬಲ ಬೇಕಾಗಬಹುದು ಅಂತ ಬುಲೆಟಿನ್‌ನಲ್ಲೇ ಇದೆ. ಅದಕ್ಕಿಂತ ತುಂಬಾ ಬಿಗಿ ಅನ್ನಿಸಿದರೆ ಒತ್ತಾಯ ಮಾಡಬೇಡಿ. ವಾಪಸ್ ಟೈಟ್ ಮಾಡಿ, ಇನ್ನೆರಡು ಹನಿ ಬಿಟ್ಟು ಕಾಯಿರಿ. ಕಿರುಚೋದು ನಿಂತು ಕೈಗೆ ಹಗುರ ಆದ ಮೇಲೆ ಮಾತ್ರ ಪೂರ್ತಿ ಬಿಚ್ಚಿ.

ಹೊರಗೆ ಬಂದ ಪ್ರತಿ ಪ್ಲಗ್ಗನ್ನು ಹೊಸದರ ಪಕ್ಕದಲ್ಲಿಟ್ಟು ಉದ್ದ ನೋಡಿ. ತುದಿವರೆಗೂ ಇದ್ದರೆ ಸರಿ. ಥ್ರೆಡ್‌ಗೇ ಮುಗಿದಿದ್ದರೆ ಕೊಳವೆ ಒಳಗಿದೆ. ಆಗ ಕೈಗೆ ಸಿಕ್ಕ ಸ್ಕ್ರೂ ಡ್ರೈವರ್, ಸ್ಟಡ್ ಎಕ್ಸ್‌ಟ್ರಾಕ್ಟರ್ ಎಲ್ಲ ತೂರಿಸಬೇಡಿ. ಇದಕ್ಕೆ ಅಂತಲೇ ಲೈಲ್ 65600 ಅನ್ನೋ ಟೂಲ್ ಇದೆ. ಅದರ ಒಂದು ಭಾಗ ಪಿಂಗಾಣಿಯನ್ನು ಕೊಳವೆಯ ಒಳಗೇ ಸ್ವಲ್ಪ ಕೆಳಗೆ ತಳ್ಳುತ್ತದೆ, ಇನ್ನೊಂದು ಭಾಗ ಕೊಳವೆಯ ಒಳಗೋಡೆಗೆ ಥ್ರೆಡ್ ಕೊರೆದು ಹಿಡಿದುಕೊಳ್ಳುತ್ತದೆ, ಮೇಲಿನ ನಟ್ ತಿರುಗಿಸಿದರೆ ಕೊಳವೆ ನೇರ ಮೇಲಕ್ಕೆ ಬರುತ್ತದೆ. ಪಿಂಗಾಣಿ ತಳ್ಳುವಾಗ ಸುತ್ತಿಗೆ ಬೇಡ, ತಿರುಗಿಸಿ ತಿರುಗಿಸಿಯೇ ತಳ್ಳಬೇಕು. ಕೆಳಗಿನ ಎಲೆಕ್ಟ್ರೋಡ್ ಪಟ್ಟಿ ಕಿತ್ತುಹೋದರೆ ಚೂರು ಪಿಸ್ಟನ್ ಮೇಲೆ ಬೀಳುತ್ತದೆ. ನಿಧಾನವಾಗಿ ಮಾಡಿದರೆ ಮುರಿದ ಪ್ಲಗ್ ಅಂದರೆ ಅರ್ಧ ಗಂಟೆ ಕೆಲಸ ಅಷ್ಟೇ, ಹೆಡ್ ಬಿಚ್ಚೋ ಪರಿಸ್ಥಿತಿ ಅಪರೂಪ. ಪಾರ್ಟ್ಸ್ ಅಂಗಡಿಗಳಲ್ಲಿ ಡೆಪಾಸಿಟ್ ಇಟ್ಟುಕೊಂಡು ಟೂಲ್ ಕೊಡೋ ಪದ್ಧತಿ ಇದೆ, ಕೇಳಿ ನೋಡಿ. ಶುರು ಮಾಡೋ ಮುಂಚೆಯೇ ಅದು ನಿಮ್ಮ ಕೈಯಲ್ಲಿರಲಿ. ಅರ್ಧ ಬಿಚ್ಚಿದ ಗಾಡಿ ಬಿಟ್ಟು ಟೂಲ್ ಹುಡುಕೋಕೆ ಹೋಗೋದು ಬೇಡ.

ಕುಡ್ಲದಿಂದ ಕೊಲಂಬಸ್

ಕ್ಲೀನರ್ ಬೆಂಕಿ ವಿಷಯ ಒಪ್ಪಿದೆ ಮಾರಾಯ್ರೇ, ಅದು ನಿಜವಾಗಿಯೂ ಅಪಾಯ. ಹೊಸ ಪ್ಲಗ್ ಯಾವುದು ಹಾಕಬೇಕು ಅಂತ ಹೇಳಿಲ್ಲ ನೀವು. ನಾನು ಹಾಕಿದ್ದು ಚಾಂಪಿಯನ್ 7989. ಅದರಲ್ಲಿ ಕೊಳವೆ ಬೇರೆ, ಬಾಡಿ ಬೇರೆ ಅಲ್ಲ, ಒಂದೇ ತುಂಡು. ಮುಂದಿನ ಸಲ ತಿರುಗಿಸಿದರೆ ಎಲ್ಲ ಒಟ್ಟಿಗೇ ತಿರುಗುತ್ತದೆ.

ಸ್ಪ್ಯಾನರ್ ಸೆಟ್ (ಮಿಷಿಗನ್)

ಹೌದು, ನಾನೂ ಇಂಥ ಹಳೇ ಗಾಡಿಗೆ ಒಂದೇ ತುಂಡಿನದ್ದನ್ನೇ ಹಾಕಿ ಅನ್ನುತ್ತೇನೆ. ಕೆಲವರು ಕಂಪನಿಯದ್ದೇ ಮೋಟಾರ್‌ಕ್ರಾಫ್ಟ್ ಬೇಕು ಅನ್ನುತ್ತಾರೆ, ಚೆನ್ನಾಗಿಯೇ ಓಡುತ್ತದೆ, ಬೇಗ ಬೇಗ ತೆಗೆದು ನೋಡೋರಿಗೆ ಅದೂ ಸರಿ. ಯಾವುದು ಹಾಕಿದರೂ ಕೊಳವೆಯ ಹೊರಮೈಗೆ ನಿಕಲ್ ಆಂಟಿ-ಸೀಜ್ (ಲೋಹ ಹಿಡಿದುಕೊಳ್ಳದ ಹಾಗೆ ಹಚ್ಚೋ ಪೇಸ್ಟ್) ತೆಳ್ಳಗೆ ಹಚ್ಚಿ. ತುದಿಗೆ ತಾಗಬಾರದು, ಥ್ರೆಡ್‌ಗೆ ಬೇಡ. ಎಷ್ಟೋ ಜನ ಅಭ್ಯಾಸಬಲದಿಂದ ಥ್ರೆಡ್‌ಗೆ ಮೆತ್ತುತ್ತಾರೆ. ಹಿಡಿಯೋ ಜಾಗ ಅದಲ್ಲ, ಮೇಲಾಗಿ ಥ್ರೆಡ್ ಜಿಡ್ಡಾದರೆ ಅದೇ ಟಾರ್ಕಿಗೆ ಹೆಚ್ಚು ಬಿಗಿಯಾಗುತ್ತದೆ. ಕೈಯಲ್ಲೇ ಪೂರ್ತಿ ಕೂರಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ 25 ಫುಟ್-ಪೌಂಡ್, ಅಂದರೆ 34 ನ್ಯೂಟನ್ ಮೀಟರ್. ಕಾಯಿಲ್ ಬೂಟಿನ ಒಳಗೆ ಸ್ವಲ್ಪ ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ) ಗ್ರೀಸ್ ಹಚ್ಚಿ. ನೀರು ಇಳಿಯಲ್ಲ, ಮುಂದಿನ ಸಲ ಬೂಟ್ ಹರಿಯದೆ ಬರುತ್ತದೆ, ಹುಬ್ಬಳ್ಳಿಯವರು ಹೇಳಿದ ಕಪ್ಪು ಗೆರೆಯೂ ಬರಲ್ಲ.

ಖರ್ಚು: ಪ್ಲಗ್ ಒಂದಕ್ಕೆ 10ರಿಂದ 15 ಡಾಲರ್ ಅಂದುಕೊಂಡರೆ ಎಂಟಕ್ಕೆ 120ರ ಒಳಗೆ. ಕ್ಲೀನರ್, ಆಂಟಿ-ಸೀಜ್, ಗ್ರೀಸ್ ಸೇರಿ 30. ಟೂಲ್ ಬಾಡಿಗೆಗೆ ಸಿಕ್ಕರೆ ಅಷ್ಟೇ.

ಮೈಸೂರು ರಾಯರು (ಕ್ಯಾಲಿಫೋರ್ನಿಯಾ)

ತಾವೇ ಮಾಡೋಕೆ ಆಗದವರಿಗೆ ಒಂದು ಮಾತು. ಗ್ಯಾರೇಜ್‌ಗೆ ಕೊಡೋದಾದರೆ ರೇಟ್ ಒಂದನ್ನೇ ಕೇಳಬೇಡಿ. ಈ 3-ವಾಲ್ವ್ ಪ್ಲಗ್ ಮುಂಚೆ ಮಾಡಿದ್ದೀರಾ, ಮುರಿದದ್ದನ್ನು ತೆಗೆಯೋ ಟೂಲ್ ನಿಮ್ಮ ಹತ್ತಿರ ಇದೆಯಾ, ತಣ್ಣಗೆ ಮಾಡುತ್ತೀರಾ, ಕ್ಲೀನರ್ ಹಾಕಿ ನೆನೆಸುತ್ತೀರಾ ಅಂತ ಕೇಳಿ. ಮುಖ ನೋಡಿದರೆ ಗೊತ್ತಾಗುತ್ತದೆ. ಮುರಿದರೆ ಎಷ್ಟು, ಗರಿಷ್ಠ ಎಷ್ಟು ಅಂತ ಬರೆಸಿಕೊಳ್ಳಿ. ರಾತ್ರಿ ಗಾಡಿ ಅಲ್ಲೇ ಬಿಟ್ಟು ಬನ್ನಿ. ಬೆಳಗ್ಗೆ ತಂದು ಎಂಜಿನ್ ಬಿಸಿ ಇರುವಾಗಲೇ ಕೊಟ್ಟು, ಎರಡು ಗಂಟೆಯಲ್ಲಿ ಬೇಕು ಅಂದರೆ ಅವರು ತಾನೇ ಏನು ಮಾಡುತ್ತಾರೆ?

ತೋಟದಮನೆ (ಟೆಕ್ಸಾಸ್)

ಟಕ ಟಕ ಶಬ್ದ ಇಲ್ಲ, ಕೇಳಿ ನೋಡಿದೆ. ಪ್ಲಗ್ ಆರ್ಡರ್ ಮಾಡಿದ್ದೇನೆ, ಟೂಲ್ ಡೆಪಾಸಿಟ್ ಮೇಲೆ ಕೊಡುತ್ತೇವೆ ಅಂದರು. ಹೆಂಡತಿಗೆ ಕಾಯಿಲ್ ಲೆಕ್ಕ ಹೇಳಿದೆ, ಹಾಗಾದರೆ ಈಗಲೇ ಮಾಡಿ ಮುಗಿಸಿ ಅಂದಳು. ಕೊನೇ ಎರಡು ಪ್ರಶ್ನೆ. ಒಂದು, ಒಂದು ಕಡೆಯ ನಾಲ್ಕು ಈ ವಾರ, ಇನ್ನೊಂದು ಕಡೆಯದ್ದು ಮುಂದಿನ ವಾರ ಅಂತ ಮಾಡಬಹುದಾ? ಎರಡು, ಎಲ್ಲ ತೆಗೆದ ಮೇಲೆ ಒಳಗೆ ಉಳಿದ ಕ್ಲೀನರ್, ಕಾರ್ಬನ್ ಪುಡಿ ಏನಾಗುತ್ತದೆ?

ಸ್ಪ್ಯಾನರ್ ಸೆಟ್ (ಮಿಷಿಗನ್)

ಧಾರಾಳವಾಗಿ ಮಾಡಬಹುದು, ಹಾಗೆ ಮಾಡೋದೇ ಒಳ್ಳೇದು. ದಣಿದ ಕೈಯಲ್ಲಿ ಎಂಟನೇ ಪ್ಲಗ್‌ಗೆ ಬರುವಾಗ ಒತ್ತಾಯ ಮಾಡೋದು ಸಹಜ. 4 ಮತ್ತು 8 ಹಿಂದಿನವು, ಅವನ್ನು ಕೊನೆಗೆ ಇಡಬೇಡಿ, ಬೆಳಗ್ಗೆ ಮೊದಲೇ ಮುಗಿಸಿ. ಎರಡೂ ವಾರ ಹೊಸದಾಗಿ ಕ್ಲೀನರ್ ಹಾಕಿ ನೆನೆಸಬೇಕು, ಮುಂದಿನ ವಾರ ಮಾಡೋ ಕಡೆಯ ಗುಂಡಿಗಳಿಗೆ ಮೊದಲೇ ಹಾಕಿಡಬೇಡಿ.

ಎರಡನೇದು ಮುಖ್ಯ ಪ್ರಶ್ನೆ. ಪ್ಲಗ್ ತೆಗೆದ ತೂತಿನೊಳಗೆ ಸಣ್ಣ ಪೈಪ್ ಇಳಿಸಿ ವ್ಯಾಕ್ಯೂಮ್‌ನಲ್ಲಿ ಕಾರ್ಬನ್ ಪುಡಿ ಎಳೆಯಿರಿ, ಆದರೆ ಅದಕ್ಕೆ ಮುಂಚೆ ಕಾರ್ಬ್ಯುರೇಟರ್ ಕ್ಲೀನರ್ ಪೂರ್ತಿ ಆರಿರಬೇಕು, ಅದರ ಆವಿ ಮೋಟಾರ್ ಒಳಗೆ ಹೋಗಬಾರದು. ಆಮೇಲೆ ಎಂಟೂ ಕಾಯಿಲ್‌ನ ಕನೆಕ್ಟರ್ ಬಿಚ್ಚಿಟ್ಟು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರ್ ಹೊಡೆಯಿರಿ, ಆಗ ಇಂಜೆಕ್ಟರ್ ಪೆಟ್ರೋಲ್ ಬಿಡಲ್ಲ. ಒಂದೆರಡು ಸೆಕೆಂಡ್ ಸಾಕು, ಎಲ್ಲಾದರೂ ದ್ರವ ಉಳಿದಿದ್ದರೆ ತೂತಿನಿಂದ ಹೊರಗೆ ಚಿಮ್ಮುತ್ತದೆ. ತೂತುಗಳ ಮೇಲೆ ಹಳೇ ಬಟ್ಟೆ ಹಾಕಿ, ಯಾರೂ ಬಗ್ಗಿ ನೋಡಬಾರದು, ಮಕ್ಕಳು ಹತ್ತಿರ ಇರಬಾರದು. ಅದಾದ ಮೇಲೆ ಹೊಸ ಪ್ಲಗ್. ಮೊದಲ ಸ್ಟಾರ್ಟಿಗೆ ಸ್ವಲ್ಪ ಬಿಳಿ ಹೊಗೆ ಬರುತ್ತದೆ, ಐದು ಹತ್ತು ನಿಮಿಷದಲ್ಲಿ ಹೋಗುತ್ತದೆ. ಮುಗಿದ ಮೇಲೆ ಆಯಿಲ್ ಬದಲಾಯಿಸಿಬಿಡಿ, 5ಡಬ್ಲ್ಯೂ-20. ಸ್ವಲ್ಪ ಕ್ಲೀನರ್ ಪಿಸ್ಟನ್ ರಿಂಗ್ ದಾಟಿ ಕೆಳಗೆ ಇಳಿದೇ ಇರುತ್ತದೆ.